ತುರುಗಾಹಿಯ ಕಾಯಕ

ಶರಣರ ನಾಮಾವಳಿಯನ್ನು ಪರಿಶೀಲಿಸುವವರಿಗೆ ಒಂದು ವಿಶೇಷವು ಗೋಚರವಾಗದೆ ಇರದು. ಅನೇಕರ ಹೆಸರಿನೊಡನೆ ಅವರು ಕೈಗೊಂಡಿದ್ದ ಕಾಯಕವೇ ಅವರ ಬಿರುದಾಗಿ ನಿಂತಿದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಇವರ ಸಾಲಿನಲ್ಲಿಯೇ ತುರುಗಾಹಿ ರಾಮಣ್ಣನವರೂ ಸೇರಿರುವರು. ‘ತುರು’ ಎಂದರೆ ಹಸು; ‘ಕಾಹಿ’ ಎಂದರೆ ಕಾಯುವವನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದನ ಕಾಯುವುದೇ ಅವರ ಕಾಯಕ. ‘ಗೋಪತಿನಾಥ ವಿಶ್ವೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ವಚನಗಳು ನಮಗೆ ದೊರೆತಿವೆ. ಪಶುಗಳ ಸಂಗದಲ್ಲಿಯೇ ಬಾಳನ್ನು ಸವೆಸುವವರ ವಿಷಯವಾಗಿ ವಿಚಾರಮಾಡಲು ಈ ಹೆಸರೇ ನಮಗೆ ಮೊದಲ ಪಾಠವಾಗಬಲ್ಲುದು.

ದನಗಾಹಿಯ ಒಂದು ದಿನವನ್ನು ನೆನೆಯಿರಿ. ಬೆಳಗಾದೊಡನೆ ಮನೆಮನೆಯ ಕೊಟ್ಟಿಗೆಯಿಂದ ಬಿಟ್ಟ ದನಗಳನ್ನು ಒಟ್ಟುಗೂಡಿಸಿ ಅಡವಿಗೆ ಹೊಡೆದುಕೊಂಡು ಹೋಗುವನು. ಅವು ಪರರ ಪೈರಿಗೆ ಬಾಯಿ ಹಾಕದಂತೆಯೂ ಕಾಡುಮೃಗಗಳ ಬಾಯಿಗೆ ಬೀಳದಂತೆಯೂ ನೋಡಿಕೊಳ್ಳುವನು. ದಾರಿಯಲ್ಲಿ ಹಸುವೊಂದು ಈದರೆ ಕರುವನ್ನು ಹೆಗಲಮೇಲೆ ಹೊತ್ತು ತರುವನು. ಸಂಜೆಗೆ ಎಣಿಸಿ, ಒಂದೊಂದನ್ನೂ ಅದರದರ ಹಟ್ಟಿಗೆ ಸೇರಿಸುವನು. ಹಸುವಿನ ಒಡೆಯರು ಬೇರೆ, ಹಾಲುಣ್ಣುವವರು ಬೇರೆ. ರಾತ್ರಿ ಇವನ ಕೈಯಲ್ಲಿ ಉಳಿಯುವುದು ಕೋಲು ಮಾತ್ರ. ಆದರೂ ಒಂದು ಹಸು ಕಾಣದಾದರೆ ಒಡೆಯನಿಗಿಂತ ಮೊದಲು ಎದೆಯೊಡೆದುಕೊಳ್ಳುವವನು ಇವನೇ. ತನ್ನದಲ್ಲದ ಜೀವವನ್ನು ತನ್ನದಕ್ಕಿಂತ ಮಿಗಿಲಾಗಿ ಕಾಯುವುದು: ಇದೇ ಈ ಕಾಯಕದ ತಿರುಳು. ರಾಮಣ್ಣನವರು ಪಶುಪಾಲನೆಯ ಪರಿಭಾಷೆಯನ್ನೇ ಅಧ್ಯಾತ್ಮದ ಪರಿಭಾಷೆಯನ್ನಾಗಿ ಮಾಡಿಕೊಂಡುದು ಸಹಜವೇ ಸರಿ. ತನುವೂ ಇಂದ್ರಿಯಗಳೂ ಹಗಲೊಂದರ ಮಟ್ಟಿಗೆ ನಮಗೆ ಮೇಯಿಸಲು ಒಪ್ಪಿಸಿದ ಮಂದೆ. ಸಂಜೆಗೆ ಅದನ್ನು ಒಡೆಯನಿಗೆ ಲೆಕ್ಕವೊಪ್ಪಿಸಬೇಕು. ಈ ಅರಿವು ದನಗಾಹಿಗೆ ಬಂದಷ್ಟು ಸುಲಭವಾಗಿ ಧನಿಕನಿಗೆ ಬಾರದು.

ಕಾವ್ಯಪುರಾಣಗಳಲ್ಲಿಯೂ ಈ ಭಾವವು ಕಾಣುವುದು. ಕಾಳಿದಾಸನ ರಘುವಂಶದಲ್ಲಿ ದಿಲೀಪನು ಕಾಯುವ ನಂದಿನಿಯು ಅವನದಲ್ಲ, ಗುರು ವಸಿಷ್ಠರದು. ಆದರೂ ಸಿಂಹವು ಅದನ್ನು ಹಿಡಿದಾಗ ಆ ರಾಜನು ತನ್ನ ದೇಹವನ್ನೇ ಒಡ್ಡುವನು. ಅಜ್ಞಾತವಾಸದ ಕಾಲದಲ್ಲಿ ನಕುಲನು ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಕುದುರೆಗಳನ್ನೂ, ಸಹದೇವನು ತಂತಿಪಾಲನೆಂಬ ಹೆಸರಿನಿಂದ ಅವನ ಗೋವುಗಳನ್ನೂ ನೋಡಿಕೊಂಡರು. ಇವೆಲ್ಲ ಕಾವ್ಯದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ನಾಡಿನ ಊರೂರಿನಲ್ಲಿ ನಿಂತಿರುವ ತುರುಗೊಳ್ ವೀರಗಲ್ಲುಗಳನ್ನು ನೋಡಿರಿ. ಊರಿನ ದನಗಳನ್ನು ಕಳ್ಳರೂ ಶತ್ರುಗಳೂ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಮಡಿದವರ ಸ್ಮಾರಕಗಳವು.

ಇನ್ನು ‘ಪಶು’ ಎಂಬ ಶಬ್ದವನ್ನು ವಿಚಾರಿಸೋಣ. ಪಾಶದಿಂದ ಬಂಧಿತವಾದುದೇ ಪಶುವೆಂಬುದು ಶೈವಾಗಮಗಳ ನಿರ್ವಚನ. ಪತಿ, ಪಶು, ಪಾಶ ಎಂಬ ಮೂರು ತತ್ತ್ವಗಳಲ್ಲಿ ಜೀವನೇ ಪಶು, ಮಲವೇ ಪಾಶ, ಶಿವನೇ ಪತಿ. ಲೋಕವ್ಯವಹಾರದಲ್ಲಿ ನಾವು ಮರೆಯುವ ಸಂಗತಿಯೊಂದಿದೆ: ಹಗ್ಗಕ್ಕೆ ಎರಡು ತುದಿಗಳುಂಟು. ಒಂದು ಪಶುವಿನ ಕೊರಳಿನಲ್ಲಿದ್ದರೆ ಇನ್ನೊಂದು ಕಟ್ಟಿದವನ ಕೈಯಲ್ಲಿರುವುದು. ಕಟ್ಟಿದವನೂ ಕಟ್ಟುಬಿದ್ದವನೇ ಎಂಬ ತಿಳಿವಳಿಕೆಯು ಯಾರಲ್ಲಿ ಮೂಡಿತೋ ಅವನ ಕೆಲಸವು ಕಾಯಕವಾಗುವುದು. ಮೂಡದವನ ಕೆಲಸವು ಬರಿಯ ದಂಡನೆಯಾಗಿ ಉಳಿಯುವುದು.

ಈ ತತ್ತ್ವಕ್ಕೆ ಇಂದಿನ ನಿದರ್ಶನವನ್ನು ನಮ್ಮ ನಾಡಿನ ಆನೆಶಿಬಿರಗಳಲ್ಲಿ ಕಾಣಬಹುದು. ಶಿವಮೊಗ್ಗದ ಬಳಿಯ ಸಕ್ರೆಬೈಲು, ಕೊಡಗಿನ ದುಬಾರೆ, ನಾಗರಹೊಳೆಯ ಅರಣ್ಯದ ಬಳ್ಳೆ ಇವು ಅಂಥ ಸ್ಥಳಗಳು. ಆನೆಯೊಂದಕ್ಕೆ ಸಾಮಾನ್ಯವಾಗಿ ಒಬ್ಬ ಮಾವುತ, ಒಬ್ಬ ಕಾವಾಡಿ. ಇವರಲ್ಲಿ ಅನೇಕರು ಜೇನುಕುರುಬ ಮೊದಲಾದ ಕಾಡಿನ ಜನರು. ತಂದೆಯಿಂದ ಮಗನಿಗೆ ಈ ವಿದ್ಯೆಯು ಇಳಿದುಬರುವುದು. ರಾತ್ರಿ ಕಾಲಿಗೆ ಸರಪಳಿ ತೊಡಿಸಿ ಆನೆಯನ್ನು ಮೇಯಲು ಕಾಡಿಗೆ ಬಿಡುವರು. ಬೆಳಗ್ಗೆ ನೆಲದ ಮೇಲೆ ಸರಪಳಿ ಎಳೆದ ಗುರುತನ್ನು ಹಿಡಿದು ಹುಡುಕಿ ಕರೆತರುವರು. ಹೊಳೆಯಲ್ಲಿ ಮಲಗಿಸಿ ಮೈತಿಕ್ಕುವಾಗಲೇ ಗಾಯವುಂಟೆ, ಅಂಗಾಲಿನಲ್ಲಿ ಬಿರುಕುಂಟೆ, ಉಗುರಿನ ಸಂದಿನಲ್ಲಿ ಮುಳ್ಳುಂಟೆ ಎಂದು ಕೈಯಿಂದ ತಡವಿ ತಿಳಿಯುವರು. ಮೂಕಪ್ರಾಣಿಯು ನೋವನ್ನು ಹೇಳಲಾರದು. ಆದುದರಿಂದ ಹೇಳುವ ಮೊದಲೇ ಅರಿಯುವುದು ಪಾಲಕನ ಧರ್ಮ. ಮದವೇರಿ ಕಪೋಲದಿಂದ ನೀರಿಳಿಯುವ ಕಾಲದಲ್ಲಿ ಆನೆಯು ತನ್ನವನನ್ನೂ ಮರೆಯಬಹುದು. ಆಗಲೂ ಅದಕ್ಕೆ ಮೇವು ನೀರು ಒದಗಿಸಬೇಕಾದವನು ಇವನೇ.

ಈ ವಿಷಯದಲ್ಲಿ ಶಾಸ್ತ್ರಗಳಿಗೆ ಕೊರತೆಯಿಲ್ಲ. ಪಾಲಕಾಪ್ಯ ಮುನಿಯ ಹಸ್ತ್ಯಾಯುರ್ವೇದವುಂಟು. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆನೆಗಳ ವಿಚಾರವುಂಟು. ಕನ್ನಡದಲ್ಲಿಯೇ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನ ಗೋವೈದ್ಯವುಂಟು. ಆದರೆ ಗ್ರಂಥದ ಮಾತು ಕೈಗೆ ಬರಬೇಕಾದರೆ ಪ್ರಾಣಿಯ ಮಗ್ಗುಲಲ್ಲಿ ವರ್ಷಗಳನ್ನು ಕಳೆಯಬೇಕು.

ಇಲ್ಲಿ ಒಂದು ಶಂಕೆ. ಕಾಡಿನಲ್ಲಿ ಸ್ವೇಚ್ಛೆಯಿಂದಿದ್ದ ಆನೆಯನ್ನು ಹಿಡಿದು, ಸರಪಳಿ ತೊಡಿಸಿ, ಅಂಕುಶವನ್ನು ತೋರಿಸುವುದು ಹಿಂಸೆಯಲ್ಲವೆ? ಇದನ್ನು ಧರ್ಮವೆನ್ನುವುದೆಂತು?

ಶಂಕೆಯು ನ್ಯಾಯವಾದುದು, ಅದನ್ನು ಮಾತಿನಿಂದ ಮುಚ್ಚುವುದು ಸಲ್ಲದು. ಹಿಂದೆ ಖೆಡ್ಡಾಗಳಲ್ಲಿ ಹಿಂಡುಹಿಂಡಾಗಿ ಆನೆಗಳನ್ನು ಹಿಡಿಯುತ್ತಿದ್ದರು. ಕಾಕನಕೋಟೆಯ ಕೊನೆಯ ಖೆಡ್ಡಾ ೧೯೭೧ರಲ್ಲಿ ನಡೆಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಮೇಲೆ ಆ ಪದ್ಧತಿಯು ಅಳಿಯಿತು. ಇಂದಿಗೂ ಊರಿಗೆ ನುಗ್ಗಿ ಜನರ ಪ್ರಾಣ ತೆಗೆಯುವ ಆನೆಯನ್ನು ಅರಿವಳಿಕೆ ಮದ್ದಿನಿಂದ ಕೆಡವಿ, ಮರದ ದಿಮ್ಮಿಗಳ ದೊಡ್ಡಿಯಲ್ಲಿ ಕೂಡಿ ಪಳಗಿಸುವುದುಂಟು. ಅದು ಆನೆಗೆ ದುಃಖವೇ. ಆದರೆ ಹಿಡಿಯಬೇಕೆಂದು ನಿಶ್ಚಯಿಸುವವನು ಮಾವುತನಲ್ಲ. ಕಾಡನ್ನು ಕಡಿದು ಹೊಲ ತೋಟಗಳನ್ನು ಮಾಡಿ ಆನೆಯ ದಾರಿಯನ್ನು ಮುಚ್ಚಿದವರು ನಾವೆಲ್ಲರು. ನಮ್ಮೆಲ್ಲರ ಋಣವನ್ನು ದೊಡ್ಡಿಯ ಬಳಿ ಹಗಲಿರುಳು ಕುಳಿತು, ಕಬ್ಬು ಬೆಲ್ಲಗಳನ್ನು ನೀಡಿ, ಮೆಲ್ಲನೆ ಮಾತನಾಡಿಸಿ ತೀರಿಸುವವನು ಅವನೊಬ್ಬನೇ. ಬಂಧನವು ತಪ್ಪದಿದ್ದಲ್ಲಿ ಬದ್ಧನ ಬಳಿ ಕೊನೆಯವರೆಗೂ ನಿಲ್ಲುವವನಾದರೂ ಬೇಕು. ಶಂಕೆಗೆ ಇದು ಪೂರ್ಣ ಸಮಾಧಾನವಲ್ಲ. ಶಂಕೆಯನ್ನು ಮರೆಯದೆ ದುಡಿಯುವವನಿಗೆ ದೊರೆಯುವ ಸಮಾಧಾನ.

ಮೈಸೂರು ದಸರೆಯಲ್ಲಿ ಸುಮಾರು ೭೫೦ ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ೨೦೧೨ರಿಂದ ೨೦೧೯ರವರೆಗೆ ಹೊತ್ತ ಅರ್ಜುನನ ಕಥೆಯನ್ನು ವಾಚಕರು ಬಲ್ಲರು. ಅರವತ್ತು ದಾಟಿ ಅಂಬಾರಿಯ ಭಾರದಿಂದ ಬಿಡುಗಡೆ ಹೊಂದಿದ್ದ ಆ ಆನೆಯು ೨೦೨೩ರ ಡಿಸೆಂಬರ್ ೪ರಂದು ಹಾಸನ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಆ ಕಾಡಾನೆಯೊಡನೆ ಹೋರಾಡುತ್ತ ಮಡಿಯಿತು. ಮಾವುತನು ಅದರ ದೇಹದ ಬಳಿ ಗೋಳಾಡಿದುದನ್ನು ನಾಡೇ ನೋಡಿತು. ಆನೆಯು ಸರ್ಕಾರದ್ದು, ಅಂಬಾರಿಯು ಅರಮನೆಯದು, ಮೆರವಣಿಗೆಯು ನಾಡಿನದು. ಅಳು ಮಾತ್ರ ಅವನದಾಗಿತ್ತು. ತುರುಗಾಹಿಯ ಕೋಲಿನಂತೆ ಅವನ ಪಾಲಿಗೆ ಉಳಿದುದು ಬರಿಯ ಅಂಕುಶ.

ಆದುದರಿಂದ ಈ ಪಾಠದಿಂದ ಗ್ರಹಿಸಬೇಕಾದುದು ಇಷ್ಟು. ಅಂಬಾರಿಯನ್ನು ನೋಡಿ ಕೈಮುಗಿಯುವವರು ಆನೆಯ ಕುತ್ತಿಗೆಯ ಮೇಲೆ ಕುಳಿತವನನ್ನೂ ನೋಡಬೇಕು. ಅವನ ಕೂಲಿ, ಅವನ ಮಕ್ಕಳ ಓದು, ಅವನಿಗೆ ಗಾಯವಾದಾಗಿನ ಚಿಕಿತ್ಸೆ ಇವು ತಮಗೆ ಸಂಬಂಧಿಸಿದ ವಿಷಯಗಳೆಂದು ತಿಳಿಯಬೇಕು. ಹಾಲನ್ನು ಕುಡಿಯುವವರು ದನ ಕಾಯುವವನನ್ನು ಹೆಸರು ಹಿಡಿದು ಕರೆಯಬೇಕು. ಮನೆಯಲ್ಲಿ ಎತ್ತು ಹಸುಗಳನ್ನು ಸಾಕಿದವರು ತಾವು ಉಣ್ಣುವ ಮೊದಲು ಒಮ್ಮೆ ಕೊಟ್ಟಿಗೆಗೆ ಹೋಗಿ ನೊಗ ತಾಗಿದ ಹೆಗಲನ್ನು ಕೈಯಿಂದ ಮುಟ್ಟಿ ನೋಡಬೇಕು. ತುರುಗಾಹಿ ರಾಮಣ್ಣನವರ ವಚನಗಳನ್ನು ಓದಲು ಅದಕ್ಕಿಂತ ಯೋಗ್ಯವಾದ ಪೀಠಿಕೆ ಮತ್ತೊಂದಿಲ್ಲ.