ಮರಕ್ಕೆ ಹೊದಿಸಿದ ಚಿನ್ನ

ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಅರಮನೆಗಳಲ್ಲಿ ಗೋಡೆಗೆ ಸೇರಿಸಿ ಇಡುತ್ತಿದ್ದ ಪಕ್ಕಮೇಜುಗಳನ್ನು ನೋಡಿದರೆ, ಅವನ್ನು ಚಿನ್ನದಲ್ಲಿಯೇ ಎರಕ ಹೊಯ್ದಿರಬಹುದೆಂಬ ಭ್ರಾಂತಿ ಉಂಟಾಗುವುದು ಸಹಜ. ಒಂದನೆಯ ಜಾರ್ಜ್ ದೊರೆಯ ಅರಮನೆಗೆ ಪೀಠೋಪಕರಣಗಳನ್ನು ಒದಗಿಸಿದ ಜೇಮ್ಸ್ ಮೂರ್ ಮತ್ತು ಜಾನ್ ಗಮ್ಲೀ ಈ ಕಲೆಯಲ್ಲಿ ಹೆಸರಾದವರು. 1726ರಲ್ಲಿ ತೀರಿಕೊಂಡ ಮೂರ್ ಕೆಲವು ಕೃತಿಗಳಲ್ಲಿ ತನ್ನ ಹೆಸರನ್ನೇ ಕೊರೆದಿದ್ದಾನೆ. ಆದರೆ ಈ ಮೇಜುಗಳ ಒಡಲು ಮರ. ಚಿನ್ನವು ಹೊದಿಕೆ ಮಾತ್ರ.

ಈ ಹೊದಿಕೆ ಎಷ್ಟು ತೆಳು? ಇಂದಿನ ಚಿನ್ನದ ರೇಕಿನ ದಪ್ಪ ಒಂದು ಮಿಲಿಮೀಟರಿನ ಸುಮಾರು 10,000ದಲ್ಲಿ ಒಂದು ಪಾಲು. ಅಂದಿನದು ಇದಕ್ಕಿಂತ ತುಸು ದಪ್ಪ. ಚಿನ್ನದ ಸಾಂದ್ರತೆ 19.3 ಆದುದರಿಂದ, ಒಂದು ಗ್ರಾಮ್ ಚಿನ್ನವನ್ನು ಇಷ್ಟು ತೆಳುವಾಗಿ ಬಡಿದರೆ ಅದು ಸುಮಾರು ಅರ್ಧ ಚದರ ಮೀಟರನ್ನು ಮುಚ್ಚುತ್ತದೆ. ಇಂತಹ ರೇಕನ್ನು ಬೆಳಕಿಗೆ ಹಿಡಿದರೆ, ಅದರ ಮೂಲಕ ಹಾದುಬರುವ ಬೆಳಕು ಹಸಿರಾಗಿ ಕಾಣುತ್ತದೆ. ಮೈಕೇಲ್ ಫ್ಯಾರಡೆ 1857ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದ್ದಾನೆ.

ಇಷ್ಟು ತೆಳುವಾದ ರೇಕು ತಳದ ಒರಟನ್ನು ಮರೆಮಾಡಲಾರದು. ಆದಕಾರಣ ಕುಶಲಿಗಳು ಮೊದಲು ಸೀಮೆಸುಣ್ಣದ ಪುಡಿಯನ್ನು ಪ್ರಾಣಿಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸಿ, ಮರದ ಮೇಲೆ ಪದರಪದರವಾಗಿ ಬಳಿಯುತ್ತಿದ್ದರು. ಇದಕ್ಕೆ ‘ಗೆಸ್ಸೋ’ ಎಂದು ಹೆಸರು. ಗಟ್ಟಿಯಾದ ಗೆಸ್ಸೋವಿನಲ್ಲಿ ಬಳ್ಳಿ, ಎಲೆಗಳನ್ನು ಕಂಡರಿಸಿ, ಅಂಟು ಬೆರೆಸಿದ ನುಣುಪಾದ ಕೆಂಪು ಜೇಡಿಮಣ್ಣನ್ನು ಲೇಪಿಸುತ್ತಿದ್ದರು. ಬಳಿಕ ನೀರು ಸವರಿ ರೇಕನ್ನಿಟ್ಟರೆ, ನೀರಿನ ಮೇಲ್ಮೈ ಎಳೆತವು ಅದನ್ನು ತಳಕ್ಕೆ ಬಿಗಿಯಾಗಿ ಸೆಳೆಯುತ್ತದೆ. ನೀರು ಆರಿದಾಗ ಮಣ್ಣಿನಲ್ಲಿರುವ ಅಂಟು ಅದನ್ನು ಹಿಡಿದುಕೊಳ್ಳುತ್ತದೆ.

ಇನ್ನು ಹೊಳಪಿನ ವಿಚಾರ. ಅಗೇಟ್ ಕಲ್ಲಿನಿಂದ ಉಜ್ಜಿ ಒಪ್ಪವಿಟ್ಟ ಎಲೆಬಳ್ಳಿಗಳು ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತವೆ. ಅವುಗಳ ಹಿನ್ನೆಲೆಯಲ್ಲಿ ಚಿಕ್ಕಚಿಕ್ಕ ಚುಕ್ಕಿಗಳನ್ನು ಒತ್ತಿರುವುದರಿಂದ, ಅಲ್ಲಿ ಬೆಳಕು ಎಲ್ಲೆಡೆಗೂ ಚದರುತ್ತದೆ. ಚಿನ್ನ ಒಂದೇ ಆದರೂ ಚಿತ್ರವು ಎದ್ದು ಕಾಣುವುದಕ್ಕೆ ಈ ವ್ಯತ್ಯಾಸವೇ ಕಾರಣ. ಮೇಣದಬತ್ತಿಯ ಅಲುಗುವ ಬೆಳಕಿನಲ್ಲಿ ಇದರ ಸೊಬಗು ಇಮ್ಮಡಿಯಾಗುತ್ತಿತ್ತು.

ಚಿನ್ನಕ್ಕೆ ತುಕ್ಕಿಲ್ಲ, ಹಾಗಿದ್ದರೂ ಈ ಮೇಜುಗಳು ಹಾಳಾಗುವುದೇಕೆ? ದೋಷವು ಚಿನ್ನದ್ದಲ್ಲ, ಅದರ ಕೆಳಗಿರುವ ಪದರಗಳದು. ಗಾಳಿಯ ತೇವ ಹೆಚ್ಚಿದಾಗ ಮರವು ಎಳೆಗಳಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಪೆಡಸಾದ ಗೆಸ್ಸೋ ಈ ಚಲನೆಯನ್ನು ಅನುಸರಿಸಲಾರದೆ ಬಿರುಕುಬಿಟ್ಟು ಉದುರುತ್ತದೆ. ಅಂಟು ನೀರಿನಲ್ಲಿ ಮೆದುವಾಗುವುದರಿಂದ, ಧೂಳೊರೆಸಲು ಒದ್ದೆ ಬಟ್ಟೆಯನ್ನು ಬಳಸಿದರೆ ಚಿನ್ನವೇ ಬಟ್ಟೆಗೆ ಅಂಟಿ ಬರಬಹುದು. ಹೋದ ಭಾಗಕ್ಕೆ ಹಿತ್ತಾಳೆಪುಡಿಯ ಬಣ್ಣ ಬಳಿದರೆ ಅದು ಕಾಲಕ್ರಮದಲ್ಲಿ ಕಂದಾಗುತ್ತದೆ.

ಯಾವ ನೀರು ರೇಕನ್ನು ಮರಕ್ಕೆ ಕೂಡಿಸಿತೋ ಅದೇ ನೀರು ಅದನ್ನು ಬಿಡಿಸಲೂ ಬಲ್ಲದು. ಆದುದರಿಂದ ಇಂತಹ ವಸ್ತುಗಳನ್ನು ಕಾಯುವವರು ಚಿನ್ನದ ಗುಣವನ್ನಷ್ಟೇ ಅಲ್ಲ, ಅದರಡಿಯ ಅಂಟು, ಸುಣ್ಣ, ಮರಗಳ ಗುಣವನ್ನೂ ಅರಿತಿರಬೇಕು.