ಬ್ಲೇಡಿಗೆ ಜ್ಯಾಕು ಕೂರಿಸುವ ಮುಂಚೆ

ಟ್ರ್ಯಾಕ್ಟರಿನ ಹಿಂಬದಿ ಬ್ಲೇಡಿಗೆ ಹೈಡ್ರಾಲಿಕ್ ಜ್ಯಾಕು ಕೂರಿಸಿ, ಸೀಟಿನಿಂದಲೇ ಎಡಕ್ಕೂ ಬಲಕ್ಕೂ ಓರೆ ಮಾಡಬೇಕು ಅಂತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಒಳ್ಳೆಯ ಯೋಚನೆ ಮಗಾ. ಸಾಲು ಸಾಲಿಗೂ ಇಳಿದು, ಪಿನ್ನು ಕಿತ್ತು, ಬ್ಲೇಡು ತಿರುಗಿಸಿ, ಮತ್ತೆ ಹತ್ತುವವನ ಸೊಂಟದ ಪಾಡು ನನಗೆ ಗೊತ್ತು. ವೆಲ್ಡಿಂಗ್ ಶಾಪಿಗೆ ಹೋಗುವ ಮುಂಚೆ ಇಷ್ಟನ್ನು ಕೇಳಿಸಿಕೋ.

• ವರ್ಷಕ್ಕೊಮ್ಮೆ ನಮ್ಮ ಹೊಲವಷ್ಟೇ ಮಟ್ಟ ಮಾಡುವುದಾದರೆ ಪಿನ್ನೇ ಸಾಕು. ಬೇಸಿಗೆಯಲ್ಲಿ ಕೆರೆ ಹೂಳು ಹರಡುವುದು, ತೋಟದ ದಾರಿಗೆ ಗರಸು ಎಳೆಯುವುದು, ಪೈಪ್‌ಲೈನ್ ಗುಂಡಿ ಮುಚ್ಚುವುದು, ಇಂಥ ಬಾಡಿಗೆ ಕೆಲಸ ಹಿಡಿದಿದ್ದರೆ ಮಾತ್ರ ಹಾಕಿಸು. ಹೋಗುವಾಗ ಮಣ್ಣು ಎಡಕ್ಕೆ, ಬರುವಾಗ ಬಲಕ್ಕೆ ಬೀಳಬೇಕಾದ ಕಡೆ ಜ್ಯಾಕಿನ ದುಡ್ಡು ಹುಟ್ಟುತ್ತೆ.

• ಟ್ರೈಲರ್ ಎತ್ತುವ ಹಳೇ ಜ್ಯಾಕು ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡ. ಅದಕ್ಕೆ ಒಂದೇ ಪೈಪು: ಎಣ್ಣೆ ಮೇಲೆತ್ತುತ್ತೆ, ಟ್ರೈಲರಿನ ಭಾರವೇ ಕೆಳಗಿಳಿಸುತ್ತೆ. ಬ್ಲೇಡನ್ನು ಎರಡೂ ಕಡೆಗೆ ಬಲವಾಗಿ ತಿರುಗಿಸಬೇಕು. ಹಾಗಾಗಿ ಡಬಲ್ ಆಕ್ಟಿಂಗ್ ಜ್ಯಾಕು, ಎರಡು ಪೈಪು, ಎರಡು ಕಡೆಗೂ ಎಣ್ಣೆ ಕೊಡುವ ವಾಲ್ವು ಬೇಕು. ನಿನ್ನ ಟ್ರ್ಯಾಕ್ಟರಿಗೆ ಆ ವಾಲ್ವಿದೆಯೋ ಇಲ್ಲವೋ ಮೊದಲು ನೋಡು. ಇಲ್ಲದಿದ್ದರೆ ಖರ್ಚಿನ ಲೆಕ್ಕವೇ ಬೇರೆ.

• ಅಳತೆ. ನಡುವಿನ ದೊಡ್ಡ ಪಿನ್ನಿನಿಂದ 10 ಇಂಚು ದೂರದಲ್ಲಿ ಜ್ಯಾಕಿನ ತುದಿ ಕೂತರೆ, ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ ತಿರುಗಲು ಸುಮಾರು 10 ಇಂಚಿನ ಓಟವೇ ಬೇಕು. ಬ್ಲೇಡು ನೇರ ನಿಂತಾಗ ಜ್ಯಾಕು ಅರ್ಧ ಹೊರಬಂದಿರಬೇಕು. 63 ಮಿ.ಮೀ. ಒಳವ್ಯಾಸ, 35 ಮಿ.ಮೀ. ರಾಡಿನದು ತಗೋ. ಒತ್ತಡ 150 ಬಾರ್ ಎಂದಿಟ್ಟುಕೊಂಡರೆ ಅದು ತಳ್ಳುವಾಗ ಹೆಚ್ಚುಕಡಿಮೆ 4.8 ಟನ್, ಎಳೆಯುವಾಗ 3.3 ಟನ್ ಬಲ ಕೊಡುತ್ತೆ. ದೊಡ್ಡದಾದಷ್ಟೂ ಗಟ್ಟಿ ಎಂದು ಶಾಪಿನವರು ಹೇಳಿದರೆ ಒಪ್ಪಬೇಡ. ಜ್ಯಾಕು ಅತಿಯಾದರೆ ಮುರಿಯುವುದು ಬ್ಲೇಡಿನ ಚೌಕಟ್ಟು.

• ಇನ್ನು ಮುಖ್ಯವಾದದ್ದು. ಪಿನ್ನಿದ್ದಾಗ ಕಲ್ಲಿನ ಏಟು ಕಬ್ಬಿಣಕ್ಕೆ ಬೀಳುತ್ತಿತ್ತು. ಜ್ಯಾಕು ಬಂದ ಮೇಲೆ ಎಣ್ಣೆಗೆ ಬೀಳುತ್ತೆ. ನಿನ್ನದು ಆರಡಿ ಬ್ಲೇಡು. ನಡುವಿನಿಂದ ತುದಿಗೆ 36 ಇಂಚು, ಜ್ಯಾಕಿಗೆ 10 ಇಂಚು. ಹಾರೆ ಹಾಕಿ ಬಂಡೆ ಮೀಟಿದ ಹಾಗೆ, ತುದಿಗೆ ಬಿದ್ದ ಏಟು ಜ್ಯಾಕಿನ ಹತ್ತಿರ 3.6 ಪಟ್ಟಾಗುತ್ತೆ. ನೆಲದಲ್ಲಿ ಹೂತ ಬಂಡೆ ಒಂದೂವರೆ ಟನ್ನಿನಷ್ಟು ತಡೆದರೂ ಜ್ಯಾಕಿನ ಮೇಲೆ 5 ಟನ್ ದಾಟುತ್ತೆ. ವಾಲ್ವು ಮುಚ್ಚಿರುತ್ತೆ, ಎಣ್ಣೆಗೆ ಹೋಗಲು ದಾರಿಯಿಲ್ಲ. ಆಗ ರಾಡು ಬಾಗುತ್ತೆ, ಇಲ್ಲವೇ ಪೈಪು ಒಡೆಯುತ್ತೆ. ಆದ್ದರಿಂದ ಜ್ಯಾಕಿನ ಎರಡು ಬಾಯಿಗೂ ರಿಲೀಫ್ ವಾಲ್ವು ಹಾಕಿಸು. ಅದರ ಒತ್ತಡ ಟ್ರ್ಯಾಕ್ಟರಿನದಕ್ಕಿಂತ ತುಸು ಮೇಲೆ, ಜ್ಯಾಕು ತಡೆಯುವುದಕ್ಕಿಂತ ಕೆಳಗೆ ಇರಲಿ.

• ರಿಲೀಫಿನಿಂದ ಹೊರಬಿದ್ದ ಎಣ್ಣೆ ಟ್ಯಾಂಕಿಗೇ ವಾಪಸ್ ಹೋಗಬೇಕು. ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುವ ವಾಲ್ವು ಅಗ್ಗ. ಆದರೆ ಒಂದೇ ಜ್ಯಾಕಿರುವ ಕಡೆ ಅದು ಪೂರ್ತಿ ಕಾಯುವುದಿಲ್ಲ. ರಾಡಿರುವ ಬದಿಯಲ್ಲಿ ಜಾಗ ಕಡಿಮೆ, ರಾಡಿಲ್ಲದ ಬದಿಯ ಎಣ್ಣೆಯೆಲ್ಲ ಅಲ್ಲಿ ಹಿಡಿಯುವುದಿಲ್ಲ. ಇದನ್ನು ಮೆಕ್ಯಾನಿಕ್ಕಿಗೆ ಬಿಡಿಸಿ ಹೇಳು, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

• ಹಳೇ ಪಿನ್ನಿನ ತೂತುಗಳನ್ನು ಮುಚ್ಚಿಸಬೇಡ. ಕಲ್ಲು ನೆಲಕ್ಕೆ ಹೋದ ದಿನ ಪಿನ್ನು ಹಾಕಿಯೇ ಕೆಲಸ ಮಾಡು. ಪಿನ್ನು ಇರುವಾಗ ಮಾತ್ರ ಓರೆಯ ಲಿವರು ಮುಟ್ಟಬಾರದು.

• ವೆಲ್ಡಿಂಗಿಗೆ ಮುಂಚೆ ಬ್ಲೇಡನ್ನು ಟ್ರ್ಯಾಕ್ಟರಿಗೆ ಕಟ್ಟಿ, ಕೈಯಲ್ಲೇ ಎರಡೂ ತುದಿಗೆ ತಿರುಗಿಸು. ಎತ್ತಿದಾಗ ಒಂದು ಸಲ, ಇಳಿಸಿದಾಗ ಒಂದು ಸಲ ನೋಡು. ಬ್ಲೇಡಿನ ಮೂಲೆ ಟೈರಿಗೆ ತಾಗುತ್ತದೆಯೇ, ಜ್ಯಾಕು ಕೆಳಗಿನ ಲಿಂಕಿಗೆ ಉಜ್ಜುತ್ತದೆಯೇ ಎಂಬುದು ಆಗಲೇ ತಿಳಿಯಬೇಕು.

• ನಡುವಿನ ಪಿನ್ನಿನ ಬುಷ್ಷು ಸವೆದು ಆಡುತ್ತಿದ್ದರೆ ಅದನ್ನು ಮೊದಲು ಬದಲಿಸು. ಆ ಆಟವಿರುವ ಬ್ಲೇಡಿಗೆ ಎಂಥ ಜ್ಯಾಕು ಹಾಕಿದರೂ ನೆಲ ಅಲೆಅಲೆಯಾಗುತ್ತೆ.

• ವೆಲ್ಡಿಂಗ್ ಮಾಡುವಾಗ ಜ್ಯಾಕು ಬಿಚ್ಚಿ ದೂರ ಇಡಿಸು. ಒಂದು ಕಿಡಿ ರಾಡಿಗೆ ಅಂಟಿದರೆ ಸೀಲು ಹಾಳು. ಬ್ಯಾಟರಿ ವೈರು ಕಳಚು, ಅರ್ತ್ ಕ್ಲಾಂಪು ವೆಲ್ಡಿಂಗಿನ ಪಕ್ಕದಲ್ಲೇ ಇರಲಿ.

• ಪೈಪಿನ ಉದ್ದವನ್ನು ಬ್ಲೇಡು ಪೂರ್ತಿ ಓರೆಯಾಗಿ, ಪೂರ್ತಿ ಕೆಳಗಿಳಿದಾಗ ಅಳೆಯಬೇಕು. ಕಪ್ಲರುಗಳಿಗೆ ಮುಚ್ಚಳ ಇರಲೇಬೇಕು. ನಮ್ಮ ಕೆಂಪು ಧೂಳು ಒಳಹೋದರೆ ಪಂಪಿನವರೆಗೂ ಹೋಗುತ್ತೆ.

• ಈ ಜ್ಯಾಕು ತುಂಬಲು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಎಣ್ಣೆ ಸಾಕು. ನಿಮಿಷಕ್ಕೆ 20 ಲೀಟರ್ ಕೊಡುವ ಪಂಪಾದರೆ ಎರಡೂವರೆ ಸೆಕೆಂಡಿನಲ್ಲಿ ಬ್ಲೇಡು ಈ ಕೊನೆಯಿಂದ ಆ ಕೊನೆಗೆ ಬೀಸುತ್ತೆ. ಅಷ್ಟು ಜೋರು ಬೇಡ. ಪೈಪಿನ ದಾರಿಯಲ್ಲಿ ವೇಗ ತಗ್ಗಿಸುವ ಕಿರಿದಾದ ವಾಲ್ವು ಹಾಕಿಸು. ಮೊದಲ ದಿನ ನಿಧಾನಕ್ಕೆ ಅತ್ತಿತ್ತ ಆಡಿಸಿ ಗಾಳಿ ತೆಗೆದು, ಎಣ್ಣೆಯ ಮಟ್ಟ ಮತ್ತೆ ನೋಡು. ಆಗ ಚಕ್ರಕ್ಕೂ ಬ್ಲೇಡಿಗೂ ನಡುವೆ ಯಾರೂ ನಿಲ್ಲಕೂಡದು. ಮಕ್ಕಳನ್ನು ಹತ್ತಿರ ಬಿಡಲೇಬೇಡ.

• ಪೈಪಿನಲ್ಲಿ ಸಣ್ಣ ಸೋರಿಕೆ ಕಂಡರೆ ಬೆರಳಿಟ್ಟು ಹುಡುಕಬೇಡ, ರಟ್ಟು ಹಿಡಿದು ನೋಡು. ಬಿಚ್ಚುವ ಮುಂಚೆ ಬ್ಲೇಡು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರು ಅತ್ತಿತ್ತ ಆಡಿಸಿ ಒತ್ತಡ ಬಿಡು. ಆ ಒತ್ತಡದ ಎಣ್ಣೆ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮದೊಳಕ್ಕೆ ನುಗ್ಗುತ್ತೆ. ಮೇಲೆ ಚುಕ್ಕೆಯಷ್ಟೇ ಗಾಯ, ಒಳಗೆ ಮಾಂಸ ಕೊಳೆತು ಬೆರಳೇ ಹೋಗಬಹುದು. ನೋವಿಲ್ಲ ಅಂತ ಕಾಯದೆ ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೋಗಿದೆ ಎಂದೇ ಡಾಕ್ಟರಿಗೆ ಹೇಳಬೇಕು. ನಿನ್ನ ಡ್ರೈವರ್ ಹುಡುಗನಿಗೂ ಇದನ್ನು ಇವತ್ತೇ ಹೇಳಿಡು.