ಒಂದನೇ ಅಮೋಘವರ್ಷ ಜೈನನೇ? ಮಳಖೇಡದ ಚರ್ಚೆ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯಲ್ಲಿದೆ. ಕ್ರಿ.ಶ. 814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷನ ಧರ್ಮ ಇಂದಿಗೂ ಚರ್ಚೆಯ ವಿಷಯ. ಗುಣಭದ್ರನ ಉತ್ತರಪುರಾಣದ ಪ್ರಕಾರ ಆತ ಜೈನ ಗುರು ಜಿನಸೇನಾಚಾರ್ಯರ ಭಕ್ತ. ಆದರೆ 871ರ ಸಂಜಾನ್ ತಾಮ್ರಶಾಸನ, ಪ್ರಜೆಗಳ ಸಂಕಟ ನೀಗಲೆಂದು ಆತ ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆನ್ನುತ್ತದೆ. ಹೀಗಾಗಿ ಪರೀಕ್ಷೆಯಲ್ಲಿ ಇದು ವಿವರಣಾತ್ಮಕ ಪ್ರಶ್ನೆಯಾಗಿ ಬಂದರೆ ಒಂದೇ ಪದದ ಉತ್ತರ ಸಲ್ಲದು. ಜೈನ ಒಲವಿದ್ದೂ ದೇವಿಯನ್ನು ಪೂಜಿಸಿದ ಅರಸ ಎಂದು ಎರಡೂ ಆಧಾರ ಕೊಟ್ಟು ಬರೆಯುವುದೇ ಸರಿ. ಆತನ ಕಾಲದ ಕನ್ನಡ ಕೃತಿ ಕವಿರಾಜಮಾರ್ಗದ ಕರ್ತೃತ್ವದ ಬಗ್ಗೆಯೂ ವಾದವಿದೆ. ಹೆಚ್ಚಿನ ವಿದ್ವಾಂಸರು ಆತನ ಆಸ್ಥಾನಕವಿ ಶ್ರೀವಿಜಯನ ಪರ.

ಮಳಖೇಡದ ಸೈನಿಕ ಇತಿಹಾಸ: 972ರಲ್ಲಿ, ರಾಷ್ಟ್ರಕೂಟ ಅರಸ ಖೊಟ್ಟಿಗನ ಕಾಲದಲ್ಲಿ, ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷವೇ ಎರಡನೇ ತೈಲಪ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ನೆಲೆಗೊಳಿಸಿದ.